‘ಹೌದು’, ‘ಬೇಡ’ ಎಂಬ ಎರಡು ಚೌಕ: ರೋಸ್ ಬರ್ಡ್ ಕಳೆದುಕೊಂಡ ನ್ಯಾಯಪೀಠ

ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಕಡೆ ನೆಲೆಸಿರುವ ನಮ್ಮವರು ಅಮೆರಿಕದ ಪೌರತ್ವ ಪಡೆದು ಮೊದಲ ಸಲ ಮತ ಹಾಕಲು ಕೂತಾಗ ಒಂದು ಕಡೆ ಪೆನ್ನು ನಿಲ್ಲುತ್ತದೆ. ಅಂಚೆಯಲ್ಲಿ ಬಂದ ಮತಪತ್ರ ಊಟದ ಮೇಜಿನ ಮೇಲೆ ಹರಡಿರುತ್ತದೆ. ಗವರ್ನರ್ ಯಾರು, ಸಂಸತ್ತಿಗೆ ಯಾರು ಎಂಬುದೆಲ್ಲ ಸರಿ, ಟೀವಿಯಲ್ಲಿ ನೋಡಿದ ಮುಖಗಳು. ಅಲ್ಲಿಂದ ಕೆಳಗಿಳಿದರೆ ನ್ಯಾಯಮೂರ್ತಿಗಳ ಹೆಸರುಗಳು ಸಾಲಾಗಿ ಬರುತ್ತವೆ. ಎದುರಾಳಿ ಇಲ್ಲ, ಪಕ್ಷದ ಗುರುತಿಲ್ಲ. ಕಾನೂನಿನಲ್ಲಿ ಹೇಳಿದ ಅವಧಿಗೆ ಇವರನ್ನು ಈ ಸ್ಥಾನಕ್ಕೆ ಆರಿಸಬೇಕೇ ಎಂಬ ಒಂದೇ ಪ್ರಶ್ನೆ, ಪಕ್ಕದಲ್ಲಿ ‘ಹೌದು’, ‘ಬೇಡ’ ಎಂಬ ಎರಡು ಚೌಕ. ಆ ನ್ಯಾಯಮೂರ್ತಿ ಬರೆದ ಒಂದು ತೀರ್ಪನ್ನಾದರೂ ಓದಿದವರು ಸಾವಿರಕ್ಕೆ ಒಬ್ಬರು ಸಿಕ್ಕರೆ ಹೆಚ್ಚು.

ನಮ್ಮಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯ ಹೆಸರು ಮತಯಂತ್ರದ ಮೇಲೆ ಬರುವುದನ್ನು ಊಹಿಸಿಕೊಳ್ಳುವುದೂ ಕಷ್ಟ. ಕೊಲಿಜಿಯಂ ಶಿಫಾರಸು ಮಾಡುತ್ತದೆ, ರಾಷ್ಟ್ರಪತಿ ನೇಮಿಸುತ್ತಾರೆ, 62ಕ್ಕೆ ನಿವೃತ್ತಿ. ನಡುವೆ ತೆಗೆಯಬೇಕೆಂದರೆ ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಅಮೆರಿಕದ ಫೆಡರಲ್ ನ್ಯಾಯಾಧೀಶರದ್ದೂ ಹೆಚ್ಚುಕಡಿಮೆ ಇದೇ ರೀತಿಯ ಭದ್ರತೆ, ಅಲ್ಲಿ ನೇಮಕ ಆಜೀವ. ಆದರೆ ರಾಜ್ಯಗಳ ನ್ಯಾಯಾಲಯಗಳ ಜಗತ್ತೇ ಬೇರೆ. 50 ರಾಜ್ಯಗಳ ಪೈಕಿ 38ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ಒಂದಲ್ಲ ಒಂದು ಬಗೆಯ ಚುನಾವಣೆ ಎದುರಿಸಲೇಬೇಕು. ಕೆಲವೆಡೆ ಪಕ್ಷದ ಹೆಸರಿನಲ್ಲೇ ಸ್ಪರ್ಧೆ, ಕೆಲವೆಡೆ ಪಕ್ಷರಹಿತ ಸ್ಪರ್ಧೆ, ಇನ್ನು ಕೆಲವೆಡೆ ಕ್ಯಾಲಿಫೋರ್ನಿಯಾದಂತೆ ಇರಲಿ ಅಥವಾ ಬೇಡ ಎನ್ನುವ ‘ಮುಂದುವರಿಕೆ ಮತ’.

ಈ ವ್ಯವಸ್ಥೆ ಎಲ್ಲಿಗೆ ಬಂದು ಮುಟ್ಟಿದೆ ಎಂಬುದು 2025ರಲ್ಲಿ ಇಡೀ ಜಗತ್ತಿಗೆ ಕಾಣಿಸಿತು. ಏಪ್ರಿಲ್ 1ರಂದು ವಿಸ್ಕಾನ್ಸಿನ್ ಸುಪ್ರೀಂ ಕೋರ್ಟಿನ ಒಂದೇ ಒಂದು ಸ್ಥಾನಕ್ಕೆ ಚುನಾವಣೆ ನಡೆಯಿತು. ಸುಸಾನ್ ಕ್ರಾಫರ್ಡ್ ಮತ್ತು ಬ್ರಾಡ್ ಶಿಮಲ್ ನಡುವಿನ ಆ ಸ್ಪರ್ಧೆಗೆ ಎರಡೂ ಕಡೆ ಸೇರಿ ಸುರಿದ ಹಣ ಸುಮಾರು 10 ಕೋಟಿ ಡಾಲರ್. ಅಮೆರಿಕದ ಇತಿಹಾಸದಲ್ಲಿ ನ್ಯಾಯಾಂಗದ ಯಾವ ಚುನಾವಣೆಯಲ್ಲೂ ಇಷ್ಟು ಖರ್ಚಾಗಿರಲಿಲ್ಲ. ಇಲಾನ್ ಮಸ್ಕ್ ಮತ್ತು ಅವರ ಬೆಂಬಲದ ಗುಂಪುಗಳದ್ದೇ 2 ಕೋಟಿ ಡಾಲರ್ ದಾಟಿತ್ತು. ಮತದಾನಕ್ಕೆ ಎರಡು ದಿನ ಮೊದಲು ಗ್ರೀನ್ ಬೇ ಪಟ್ಟಣದ ವೇದಿಕೆಯಲ್ಲಿ ಮಸ್ಕ್ ಇಬ್ಬರು ಮತದಾರರಿಗೆ ತಲಾ 10 ಲಕ್ಷ ಡಾಲರಿನ ಚೆಕ್ ಕೊಟ್ಟರು. ಗೆದ್ದದ್ದು ಅವರು ವಿರೋಧಿಸಿದ ಕ್ರಾಫರ್ಡ್. ಮರು ತಿಂಗಳು, ಉತ್ತರ ಕೆರೊಲಿನಾದಲ್ಲಿ ಹಿಂದಿನ ನವೆಂಬರಿನಲ್ಲೇ 734 ಮತಗಳಿಂದ ಗೆದ್ದಿದ್ದ ನ್ಯಾಯಮೂರ್ತಿ ಆಲಿಸನ್ ರಿಗ್ಸ್ ಅವರ ಗೆಲುವು ಆರು ತಿಂಗಳ ಕೋರ್ಟ್ ಅಲೆದಾಟದ ನಂತರ ಇತ್ಯರ್ಥವಾಯಿತು. ಅದೇ ವರ್ಷದ ನವೆಂಬರ್ 4ರಂದು ಪೆನ್ಸಿಲ್ವೇನಿಯಾದ ಮೂವರು ನ್ಯಾಯಮೂರ್ತಿಗಳು ಭಾರೀ ಪ್ರಚಾರದ ನಡುವೆ ಮುಂದುವರಿಕೆ ಮತದಲ್ಲಿ ಪಾರಾದರು.

ಇದನ್ನೆಲ್ಲ ಇತ್ತೀಚಿನ ಕಾಯಿಲೆ ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇದರ ಬೇರು 1986ರ ನವೆಂಬರ್ 4ರ ಕ್ಯಾಲಿಫೋರ್ನಿಯಾದಲ್ಲಿದೆ, ರೋಸ್ ಎಲಿಜಬೆತ್ ಬರ್ಡ್ ಎಂಬ ಮುಖ್ಯ ನ್ಯಾಯಮೂರ್ತಿಯ ಬದುಕಿನಲ್ಲಿದೆ. ಆ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಬರ್ಡ್ ಹುಟ್ಟಿದ್ದು 1936ರ ನವೆಂಬರ್ 2ರಂದು, ಅರಿಜೋನಾದ ಟೂಸಾನ್ ಹತ್ತಿರ. ಬಡ ಸಂಸಾರ. ಚಿಕ್ಕಂದಿನಲ್ಲೇ ತಂದೆ ಹೋದರು. ತಾಯಿ ಮೂವರು ಮಕ್ಕಳನ್ನು ಕಟ್ಟಿಕೊಂಡು ನ್ಯೂಯಾರ್ಕಿನ ಲಾಂಗ್ ಐಲೆಂಡಿಗೆ ಬಂದು, ಕಾರ್ಖಾನೆಯಲ್ಲಿ ದುಡಿದು ಸಾಕಿದರು. ಓದಿನಲ್ಲಿ ಮುಂದಿದ್ದ ಮಗಳು ವಿದ್ಯಾರ್ಥಿವೇತನದ ಬಲದಿಂದ ಕಾಲೇಜು ಮುಗಿಸಿ, ಸೆಕ್ರೆಟರಿ ಕೆಲಸ ಮಾಡಿ, ಕೊನೆಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ಸೇರಿದರು. 1965ರಲ್ಲಿ ಕಾನೂನು ಪದವಿ. ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಗೂ ‘ಮೊದಲ ಮಹಿಳೆ’ ಎಂಬ ಮಾತು ಅಂಟಿಕೊಂಡಿತು. ನೆವಾಡಾ ಸುಪ್ರೀಂ ಕೋರ್ಟಿನಲ್ಲಿ ಲಾ ಕ್ಲರ್ಕ್, ಅಂದರೆ ನ್ಯಾಯಮೂರ್ತಿಗಳ ಕಾನೂನು ಸಹಾಯಕಿ, ಆದ ಮೊದಲ ಮಹಿಳೆ. ಸ್ಯಾನ್ ಹೋಸೆ ಇರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಪಬ್ಲಿಕ್ ಡಿಫೆಂಡರ್ ಕಚೇರಿ ಸೇರಿದ ಮೊದಲ ವಕೀಲೆ. ವಕೀಲರನ್ನಿಟ್ಟುಕೊಳ್ಳಲು ದುಡ್ಡಿಲ್ಲದ ಆರೋಪಿಗಳ ಪರವಾಗಿ ಸರ್ಕಾರದ ಸಂಬಳದಲ್ಲೇ ವಾದಿಸುವ ಕೆಲಸ ಅದು. ಅಲ್ಲಿ ಅವರು ಎಂಟು ವರ್ಷ ಇದ್ದರು. ಪೊಲೀಸರ ತಪ್ಪು, ವಿಚಾರಣೆಯ ಲೋಪ, ಜ್ಯೂರಿಗೆ ಕೊಟ್ಟ ಅರೆಬರೆ ಸೂಚನೆ ಒಬ್ಬ ಮನುಷ್ಯನ ಬದುಕನ್ನು ಹೇಗೆ ಮುಗಿಸಿಬಿಡಬಲ್ಲದು ಎಂದು ಹತ್ತಿರದಿಂದ ಕಂಡ ವರ್ಷಗಳವು. ಮುಂದೆ ಪೀಠದ ಮೇಲೆ ಕೂತಾಗಲೂ ಆ ಕಣ್ಣು ಮುಚ್ಚಲಿಲ್ಲ.

1974ರಲ್ಲಿ ಜೆರಿ ಬ್ರೌನ್ ಗವರ್ನರ್ ಹುದ್ದೆಗೆ ನಿಂತಾಗ ಬರ್ಡ್ ಸ್ವಯಂಸೇವಕಿಯಾಗಿ ಅವರ ಪ್ರಚಾರದಲ್ಲಿ ಕಾರು ಓಡಿಸಿದರು. ಗೆದ್ದ ಬ್ರೌನ್ ಅವರನ್ನು ಕೃಷಿ ಮತ್ತು ಸೇವೆಗಳ ಕಾರ್ಯದರ್ಶಿ ಮಾಡಿದರು. ನಮ್ಮ ಲೆಕ್ಕದಲ್ಲಿ ಸಚಿವ ಸ್ಥಾನ. ಕ್ಯಾಲಿಫೋರ್ನಿಯಾ ಸಂಪುಟದಲ್ಲಿ ಮಹಿಳೆಯೊಬ್ಬರು ಕೂತದ್ದು ಅದೇ ಮೊದಲು. ಹೊಲದ ಕೂಲಿಗಳಿಗೆ ಸಂಘ ಕಟ್ಟುವ, ಗುಪ್ತ ಮತದಾನದಿಂದ ತಮ್ಮ ಸಂಘ ಯಾವುದೆಂದು ಆರಿಸಿಕೊಳ್ಳುವ ಹಕ್ಕು ಕೊಟ್ಟ 1975ರ ಕೃಷಿ ಕಾರ್ಮಿಕ ಕಾಯ್ದೆಯ ಹಿಂದೆ ಅವರ ಶ್ರಮವಿತ್ತು. ತೋಟದ ಮಾಲೀಕರನ್ನೂ ಸೀಸರ್ ಚಾವೆಜ್ ಅವರ ಕಾರ್ಮಿಕ ಸಂಘದವರನ್ನೂ ಮಾತುಕತೆಗೆ ಕೂರಿಸಿದ ತಂಡದ ಮುಂದಾಳು ಅವರೇ.

ಇಲ್ಲಿ ಒಂದು ಗುದ್ದಲಿಯ ಮಾತು ಹೇಳಲೇಬೇಕು. ಕ್ಯಾಲಿಫೋರ್ನಿಯಾದ ಲೆಟಸ್, ಸಕ್ಕರೆ ಬೀಟ್ ಹೊಲಗಳಲ್ಲಿ ಕಳೆ ತೆಗೆಯಲು, ಸಸಿ ತೆಳುಮಾಡಲು ಕೂಲಿಗಳ ಕೈಗೆ ಒಂದಡಿ ಚಿಲ್ಲರೆ ಕಾವಿನ ಗಿಡ್ಡ ಗುದ್ದಲಿ ಕೊಡುತ್ತಿದ್ದರು. ಹತ್ತು ಹನ್ನೆರಡು ಗಂಟೆ ಬಗ್ಗಿಕೊಂಡೇ ಇರಬೇಕು. ಕಾವು ಗಿಡ್ಡವಾಗಿದ್ದರೆ ಕೆಲಸ ನಯವಾಗುತ್ತದೆ ಎಂದು ಮಾಲೀಕರು ಹೇಳುತ್ತಿದ್ದರು. ಅದರ ಇನ್ನೊಂದು ಅನುಕೂಲ ಮೇಸ್ತ್ರಿಗಿತ್ತು. ಯಾರು ನೆಟ್ಟಗೆ ನಿಂತಿದ್ದಾರೋ ಅವರು ಕೆಲಸ ನಿಲ್ಲಿಸಿದ್ದಾರೆ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ಮೂವತ್ತು ನಲವತ್ತಕ್ಕೆಲ್ಲ ಬೆನ್ನು ಮುರಿದುಕೊಂಡವರು ಎಷ್ಟೋ ಜನ. ಆ ಗುದ್ದಲಿಯ ವಿರುದ್ಧ ದಾವೆ ಹೂಡಿದ್ದು ಗ್ರಾಮೀಣ ಬಡವರ ಕಾನೂನು ನೆರವಿನ ಸಂಸ್ಥೆಯೊಂದು. ಬರ್ಡ್ ಆ ಖಾತೆ ನೋಡಿಕೊಳ್ಳುತ್ತಿದ್ದ 1975ರಲ್ಲೇ ಅದು ನಿಷೇಧವಾಯಿತು. ಆ ಸಂಸ್ಥೆಯನ್ನು ಹಿಂದೆ ನಡೆಸಿದ್ದವರ ಹೆಸರು ಕ್ರೂಸ್ ರೆನೋಸೊ. ಮೆಕ್ಸಿಕೋದಿಂದ ಬಂದ ಕೂಲಿ ಕುಟುಂಬದ ಮಗ. ಈ ಹೆಸರು ನೆನಪಿನಲ್ಲಿರಲಿ, ಮುಂದೆ ಮತ್ತೆ ಬರುತ್ತದೆ.

1977ರಲ್ಲಿ ಬ್ರೌನ್ ಬರ್ಡ್ ಅವರನ್ನು ನೇರವಾಗಿ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದರು. ವಯಸ್ಸು 40. ಒಂದು ದಿನವೂ ನ್ಯಾಯಾಧೀಶೆಯಾಗಿ ಕೆಲಸ ಮಾಡಿದವರಲ್ಲ. ಆ ಪೀಠದಲ್ಲಿ ಅದುವರೆಗೆ ಒಬ್ಬ ಮಹಿಳೆಯೂ ಕೂತಿರಲಿಲ್ಲ. ದಶಕಗಳ ಸೇವೆಯಿದ್ದ ಹಿರಿಯರನ್ನು ಬಿಟ್ಟು ಹೊರಗಿನಿಂದ ಒಬ್ಬರನ್ನು ತಂದು ತಲೆಯ ಮೇಲೆ ಕೂರಿಸಿದ್ದಕ್ಕೆ ನ್ಯಾಯಾಂಗದೊಳಗೇ ಅಸಮಾಧಾನ ಹೊಗೆಯಾಡಿತು. ನೇಮಕಾತಿ ಆಯೋಗದ ಮೂವರಲ್ಲಿ ಇಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಹಿಂದಿನ ವರ್ಷವಷ್ಟೇ ಅವರಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ ಶಸ್ತ್ರಚಿಕಿತ್ಸೆ ಆಗಿತ್ತು. ಹುದ್ದೆಯ ಉದ್ದಕ್ಕೂ ಆ ಕಾಯಿಲೆ ಬಿಟ್ಟು ಬಿಟ್ಟು ಮರಳುತ್ತಲೇ ಇತ್ತು.

ಎರಡು ವರ್ಷ ತುಂಬುವ ಮೊದಲೇ ಮೊದಲ ಮುಂದುವರಿಕೆ ಮತ ಬಂತು. 1978ರ ನವೆಂಬರ್ 7, ಮತದಾನದ ದಿನ ಬೆಳಿಗ್ಗೆಯೇ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ವರದಿ. ಬಂದೂಕು ಹಿಡಿದು ಅಪರಾಧ ಮಾಡಿದವರಿಗೆ ಜೈಲು ಕಡ್ಡಾಯ ಎನ್ನುವ ಕಾನೂನನ್ನು ಸಡಿಲಿಸುವ ತೀರ್ಪೊಂದನ್ನು ಚುನಾವಣೆ ಮುಗಿಯಲೆಂದು ನ್ಯಾಯಾಲಯ ಹಿಡಿದಿಟ್ಟುಕೊಂಡಿದೆ ಎಂಬುದು ಅದರ ತಿರುಳು. ಬರ್ಡ್ ಶೇ 52ಕ್ಕಿಂತ ಕಡಿಮೆ ಮತದಲ್ಲಿ ಹೇಗೋ ಪಾರಾದರು. ತನಿಖೆ ಮಾಡಿ ಎಂದು ನ್ಯಾಯಾಂಗದ ನಡತೆ ನೋಡುವ ಆಯೋಗವನ್ನು ಕೇಳಿದವರು ಸ್ವತಃ ಅವರೇ. 1979ರಲ್ಲಿ ನ್ಯಾಯಮೂರ್ತಿಗಳು ಒಬ್ಬರ ಮೇಲೊಬ್ಬರು ಬಹಿರಂಗವಾಗಿ ಸಾಕ್ಷ್ಯ ಹೇಳಿದರು. ಕೊನೆಗೆ ಯಾರ ಮೇಲೂ ಆರೋಪ ಹೊರಿಸದೆ ತನಿಖೆ ಮುಗಿಯಿತು. ಆದರೆ ಮುಚ್ಚಿದ ಬಾಗಿಲ ಹಿಂದಿನ ಮನಸ್ತಾಪಗಳೆಲ್ಲ ಬೀದಿಗೆ ಬಿದ್ದಿದ್ದವು. ಒಮ್ಮೆ ಕಳೆದುಕೊಂಡ ಗೌರವ ಆ ನ್ಯಾಯಾಲಯಕ್ಕೆ ಪೂರ್ತಿಯಾಗಿ ಮರಳಲಿಲ್ಲ.

ಇನ್ನು ಮರಣದಂಡನೆ. ಬರ್ಡ್ ಹೆಸರು ಇವತ್ತಿಗೂ ಜನರ ಬಾಯಲ್ಲಿರುವುದು ಇದರಿಂದಲೇ.

ಹಿನ್ನೆಲೆ ಹೀಗಿದೆ. 1972ರಲ್ಲಿ, ಬರ್ಡ್ ಬರುವುದಕ್ಕೆ ಐದು ವರ್ಷ ಮೊದಲೇ, ರೊನಾಲ್ಡ್ ರೇಗನ್ ನೇಮಿಸಿದ್ದ ಮುಖ್ಯ ನ್ಯಾಯಮೂರ್ತಿ ಡೊನಾಲ್ಡ್ ರೈಟ್ ಅವರ ಕಾಲದಲ್ಲಿ ಇದೇ ನ್ಯಾಯಾಲಯ ಮರಣದಂಡನೆಯನ್ನೇ ಅಸಾಂವಿಧಾನಿಕ ಎಂದಿತ್ತು. ಅದೇ ವರ್ಷ ಜನ ಮತ ಹಾಕಿ ರಾಜ್ಯದ ಸಂವಿಧಾನ ತಿದ್ದಿದರು. 1977ರಲ್ಲಿ ಬ್ರೌನ್ ಅವರ ವೀಟೊ ಮೀರಿ ಶಾಸಕಾಂಗ ಹೊಸ ಕಾನೂನು ತಂದಿತು. ಅದನ್ನು ಬರೆದವರು ಆಗ ಸೆನೆಟರ್ ಆಗಿದ್ದ ಜಾರ್ಜ್ ಡುಕ್‌ಮೇಜಿಯನ್. 1978ರಲ್ಲಿ ಜನರೇ ಮತ್ತೊಂದು ಮಸೂದೆಗೆ ಮತ ಹಾಕಿ ಆ ಕಾನೂನಿನ ವ್ಯಾಪ್ತಿ ಹಿಗ್ಗಿಸಿದರು. ಅವಸರದಲ್ಲಿ ಬರೆದ, ಹಲವು ಕಡೆ ಅಸ್ಪಷ್ಟವಾದ ಮಸೂದೆ ಅದು. ಕ್ಯಾಲಿಫೋರ್ನಿಯಾದಲ್ಲಿ ಮರಣದಂಡನೆ ಆದ ಪ್ರತಿ ಪ್ರಕರಣವೂ ತಾನಾಗಿಯೇ ನೇರ ಸುಪ್ರೀಂ ಕೋರ್ಟಿಗೆ ಬರುತ್ತದೆ. ಹಾಗಾಗಿ ಆ ಅಸ್ಪಷ್ಟತೆಯನ್ನೆಲ್ಲ ಬಿಡಿಸಿ ನೋಡುವ ಕೆಲಸ ಬರ್ಡ್ ನ್ಯಾಯಾಲಯದ ಪಾಲಿಗೆ ಬಂತು. ದರೋಡೆಯಂಥ ಅಪರಾಧದ ನಡುವೆ ಕೊಲೆಯಾದರೆ, ಕೊಲ್ಲುವ ಉದ್ದೇಶವಿತ್ತೆಂದು ಸಾಬೀತಾಗದೆ ಮರಣದಂಡನೆಗೆ ದಾರಿಯಿಲ್ಲ ಎಂದು 1983ರಲ್ಲಿ ಕಾರ್ಲೋಸ್ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. ಅದರ ಹಿಂದೆ ಮುಂದೆ ಬಂದ ಮೇಲ್ಮನವಿಗಳಲ್ಲಿ ಶಿಕ್ಷೆಗಳು ಒಂದರ ಮೇಲೊಂದು ರದ್ದಾದವು. ಬರ್ಡ್ ಕಾಲದಲ್ಲಿ ಎತ್ತಿಹಿಡಿದ ಮರಣದಂಡನೆಗಳು ಬೆರಳೆಣಿಕೆಯಷ್ಟು. ಅವರ ಮುಂದೆ ಬಂದದ್ದು 60ಕ್ಕೂ ಹೆಚ್ಚು ಪ್ರಕರಣ. ಒಂದರಲ್ಲೂ ಅವರು ಶಿಕ್ಷೆಯ ಪರ ಮತ ಹಾಕಲಿಲ್ಲ.

ಜನರ ಸಿಟ್ಟು ಸುಳ್ಳಾಗಿರಲಿಲ್ಲ. ಇದನ್ನು ಬರ್ಡ್ ಪರ ಬರೆಯುವವರು ಬೇಗ ದಾಟಿಬಿಡುತ್ತಾರೆ, ನಾನು ದಾಟಲಾರೆ. 1979ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚಿನಲ್ಲಿ 12 ವರ್ಷದ ಹುಡುಗಿಯನ್ನು ಕೊಂದದ್ದಕ್ಕೆ ರಾಡ್ನಿ ಅಲ್ಕಾಲಾ ಎಂಬಾತನಿಗೆ ಮರಣದಂಡನೆಯಾಗಿತ್ತು. ಅವನ ಹಿಂದಿನ ಅಪರಾಧಗಳನ್ನು ಜ್ಯೂರಿಯ ಮುಂದೆ ತಂದದ್ದು ಸರಿಯಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ರದ್ದು ಮಾಡಿತು. ಕಾನೂನಿನ ಪುಸ್ತಕದಲ್ಲಿ ಆ ಕಾರಣಕ್ಕೆ ತೂಕವಿದೆ. ಆದರೆ ಮಗಳನ್ನು ಕಳೆದುಕೊಂಡ ಮನೆಯವರು ಮತ್ತೆ ಅದೇ ಕಟಕಟೆ, ಅದೇ ಫೋಟೊ, ಅದೇ ಪ್ರಶ್ನೆಗಳ ಮುಂದೆ ಕೂರಬೇಕಾಯಿತು. 1986ರಲ್ಲಿ ಅವನಿಗೆ ಮತ್ತೆ ಮರಣದಂಡನೆಯಾಯಿತು. ಆಮೇಲೆ ಫೆಡರಲ್ ನ್ಯಾಯಾಲಯ ಅದನ್ನೂ ರದ್ದು ಮಾಡಿತು. ಅವನು ಇನ್ನೂ ಹಲವು ಹೆಂಗಸರನ್ನು ಕೊಂದವನೆಂದು ಸಾಬೀತಾಗಿ ಮೂರನೇ ಸಲ ಶಿಕ್ಷೆಯಾಗುವಾಗ 2010. ಹೀಗೆ ನೊಂದ ತಂದೆತಾಯಿಯರು ಬರ್ಡ್ ವಿರುದ್ಧ ಪ್ರಚಾರದಲ್ಲಿ ಟೀವಿಗೆ ಬಂದು ಮಾತಾಡಿದರೆ ಅವರನ್ನು ಯಾರೋ ಆಡಿಸುವ ಗೊಂಬೆಗಳು ಎನ್ನುವ ಹಕ್ಕು ಯಾರಿಗೂ ಇಲ್ಲ.

ಬರ್ಡ್ ಎಡವಿದ್ದೂ ಇಲ್ಲಿಯೇ ಎಂದು ನನ್ನ ಭಾವನೆ. ಶಿಕ್ಷೆ ರದ್ದಾದರೆ ಅಪರಾಧಿ ಮನೆಗೆ ಹೋಗುವುದಿಲ್ಲ, ಒಂದೋ ಜೈಲಿನಲ್ಲೇ ಇರುತ್ತಾನೆ, ಇಲ್ಲವೇ ಮತ್ತೆ ವಿಚಾರಣೆ ನಡೆಯುತ್ತದೆ ಎಂಬ ಸರಳ ವಿಷಯ ಬಹುಪಾಲು ಮತದಾರರಿಗೆ ಗೊತ್ತೇ ಇರಲಿಲ್ಲ. ಅದನ್ನು ಊರೂರಿಗೆ ಹೋಗಿ ಹೇಳಬೇಕಿತ್ತು. ನ್ಯಾಯಮೂರ್ತಿಯಾದವರು ತೀರ್ಪಿನ ಮೂಲಕವೇ ಮಾತಾಡಬೇಕು ಎಂದು ನಂಬಿದವರು ಅವರು. ಪ್ರಚಾರ ತಂತ್ರಜ್ಞರನ್ನು ದೂರವಿಟ್ಟರು. ಜಾಹೀರಾತು ಮಾಡಿದಾಗಲೂ ಕ್ಯಾಮೆರಾದ ಮುಂದೆ ಕೂತು ನ್ಯಾಯಾಂಗದ ಸ್ವಾತಂತ್ರ್ಯದ ಬಗ್ಗೆ ಸೌಮ್ಯವಾಗಿ ಮಾತಾಡಿದರು. ನೊಂದವರ ಮುಖದ ಎದುರು ಆ ಮಾತು ನಿಲ್ಲಲಿಲ್ಲ. ಜೊತೆಗೆ, 60 ಪ್ರಕರಣಗಳಲ್ಲಿ ಒಂದಾದರೂ ಸರಿಯಾಗಿ ನಡೆದ ವಿಚಾರಣೆ ಇರಲಿಲ್ಲವೇ ಎಂದು ಒಬ್ಬ ಪ್ರಾಮಾಣಿಕ ಮತದಾರ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಪ್ರತಿ ತೀರ್ಪಿಗೂ ಅವರು ಕಾರಣ ಬರೆದಿದ್ದಾರೆ, ನಿಜ. ಒಟ್ಟು ಲೆಕ್ಕಕ್ಕೆ ಉತ್ತರ ಕೊಡಲಿಲ್ಲ.

ಆದರೆ ಆ ಪ್ರಚಾರಕ್ಕೆ ದುಡ್ಡು ಬಂದದ್ದು ನೊಂದವರ ಮನೆಯಿಂದಲ್ಲ. ಎರಡೂ ಕಡೆಯ ಖರ್ಚು ಸೇರಿ ಒಂದು ಕೋಟಿ ಡಾಲರ್ ಮೀರಿತ್ತು. 1986ರ ಮಟ್ಟಿಗೆ, ಅದೂ ನ್ಯಾಯಮೂರ್ತಿಗಳ ಚುನಾವಣೆಗೆ, ಯಾರೂ ಕಂಡರಿಯದ ಮೊತ್ತ. ವಿರೋಧಿ ಬಣದ ಹಿಂದೆ ದೊಡ್ಡ ಕೃಷಿ ಉದ್ಯಮದವರಿದ್ದರು, ವ್ಯಾಪಾರ ವಲಯದವರಿದ್ದರು. ಕೊಲೆ ಪ್ರಕರಣಗಳಿಗೂ ಅವರಿಗೂ ಏನು ಸಂಬಂಧ? ಅದಕ್ಕೆ ಆ ನ್ಯಾಯಾಲಯದ ಉಳಿದ ತೀರ್ಪುಗಳನ್ನು ನೋಡಬೇಕು.

1978ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಜನ ‘ಪ್ರಪೊಸಿಷನ್ 13’ ಎಂಬ ಆಸ್ತಿ ತೆರಿಗೆ ತಿದ್ದುಪಡಿಗೆ ಮತ ಹಾಕಿದ್ದರು. ಮನೆ ಕೊಂಡ ಬೆಲೆಯ ಮೇಲೆ ಶೇ 1 ತೆರಿಗೆ, ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬರ್ಡ್ ಒಬ್ಬರೇ ಭಿನ್ನ ತೀರ್ಪು ಬರೆದರು. ಅಕ್ಕಪಕ್ಕದ ಎರಡು ಒಂದೇ ಥರದ ಮನೆಗಳಲ್ಲಿ ಬೇರೆ ಬೇರೆ ವರ್ಷ ಕೊಂಡ ಒಂದೇ ಕಾರಣಕ್ಕೆ ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಹಲವು ಪಟ್ಟು ತೆರಿಗೆ ಹಾಕುವುದು ಸಮಾನತೆಗೆ ವಿರುದ್ಧ ಎಂಬುದು ಅವರ ವಾದ. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಒಪ್ಪದಿದ್ದರೂ ಅವರು ಹೇಳಿದ್ದು ಇವತ್ತು ಬೇ ಏರಿಯಾದಲ್ಲಿ ಮನೆ ಕೊಂಡ ಯಾವ ಕನ್ನಡಿಗರಿಗೂ ಅನುಭವದ ಮಾತು. ಎಂಬತ್ತರ ದಶಕದಲ್ಲಿ ಕೊಂಡ ಪಕ್ಕದ ಮನೆಯವರ ತೆರಿಗೆಯ ಚೀಟಿಯನ್ನು ತಮ್ಮದರ ಪಕ್ಕ ಇಟ್ಟು ನೋಡಿದವರಿಗೆ ಬರ್ಡ್ ತೀರ್ಪಿನ ಸಾಲುಗಳನ್ನು ಬೇರೆ ವಿವರಿಸಬೇಕಿಲ್ಲ.

1979ರಲ್ಲಿ, ಸ್ಯಾನ್ ಹೋಸೆಗೆ ಹೊಂದಿಕೊಂಡ ಕ್ಯಾಂಪ್‌ಬೆಲ್ ಊರಿನ ಪ್ರೂನ್‌ಯಾರ್ಡ್ ಎಂಬ ಶಾಪಿಂಗ್ ಸೆಂಟರಿನಲ್ಲಿ ಮೇಜು ಹಾಕಿಕೊಂಡು ಸಹಿ ಸಂಗ್ರಹಿಸುತ್ತಿದ್ದ ಹೈಸ್ಕೂಲ್ ಮಕ್ಕಳನ್ನು ಹೊರಗೆ ಕಳಿಸಿದ ಪ್ರಕರಣದಲ್ಲಿ, ಖಾಸಗಿ ಜಾಗವಾದರೂ ಜನ ಸೇರುವ ಸ್ಥಳದಲ್ಲಿ ಮಾತಿನ ಹಕ್ಕು ಇದೆ ಎಂದು ನ್ಯಾಯಾಲಯ ಹೇಳಿತು. ವಿಮೆ ಕಂಪನಿ ಪರಿಹಾರ ಕೊಡದೆ ಸತಾಯಿಸಿದರೆ ಅಪಘಾತದಲ್ಲಿ ಪೆಟ್ಟಾದ ಮೂರನೆಯವರೂ ನೇರವಾಗಿ ಕಂಪನಿಯ ಮೇಲೆ ದಾವೆ ಹೂಡಬಹುದು ಎಂದಿತು. ಕಾನೂನುಬಾಹಿರ ಕೆಲಸ ಮಾಡಲೊಲ್ಲದ ನೌಕರನನ್ನು ತೆಗೆದುಹಾಕಿದರೆ ಮಾಲೀಕರು ಪರಿಹಾರ ಕಟ್ಟಬೇಕು ಎಂದಿತು.

1983ರ ಮೋನೊ ಸರೋವರದ ತೀರ್ಪಂತೂ ನಮ್ಮ ದೇಶದವರೆಗೂ ಬಂತು. ಆ ಸರೋವರಕ್ಕೆ ಹರಿಯುವ ತೊರೆಗಳನ್ನು ಲಾಸ್ ಏಂಜಲೀಸ್ ನಗರ 1941ರಿಂದ ತಿರುಗಿಸಿಕೊಂಡು ಕುಡಿಯುತ್ತಿತ್ತು, ಕೆರೆ ಬತ್ತುತ್ತಿತ್ತು. ನದಿ, ಸರೋವರ, ದಡ ಇವೆಲ್ಲ ಸಾರ್ವಜನಿಕರ ಆಸ್ತಿ, ಸರ್ಕಾರ ಅವುಗಳ ಟ್ರಸ್ಟಿ ಮಾತ್ರ, ನೀರಿನ ಹಕ್ಕು ಕೊಟ್ಟಾಗಿದೆ ಎಂದ ಮಾತ್ರಕ್ಕೆ ಆ ಜವಾಬ್ದಾರಿ ಮುಗಿಯುವುದಿಲ್ಲ ಎಂದಿತು ನ್ಯಾಯಾಲಯ. ಪ್ರಧಾನ ತೀರ್ಪು ಬರೆದವರು ಅಲೆನ್ ಬ್ರೌಸಾರ್ಡ್. 1996ರ ಡಿಸೆಂಬರಿನಲ್ಲಿ ಕುಲು ಕಣಿವೆಯ ಬಿಯಾಸ್ ನದಿಯ ಹರಿವನ್ನು ಒಂದು ರೆಸಾರ್ಟಿಗೋಸ್ಕರ ತಿರುಗಿಸಿದ ಪ್ರಕರಣದಲ್ಲಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಈ ಮೋನೊ ತೀರ್ಪನ್ನು ಉದ್ದುದ್ದ ಉಲ್ಲೇಖಿಸಿ, ಸಾರ್ವಜನಿಕ ನ್ಯಾಸ ಎಂಬ ತತ್ವ ಭಾರತದ ಕಾನೂನಿನ ಭಾಗವೇ ಎಂದರು. ಕೆರೆ ಒತ್ತುವರಿಯ ವಿರುದ್ಧ ಬೆಂಗಳೂರಿನಲ್ಲಿ ಹೋರಾಡುವವರು ಇವತ್ತು ಆಡುವ ಮಾತಿನ ಒಂದು ಎಳೆ ಅಲ್ಲಿಂದ ಬಂದದ್ದು. ಜನ ಮತ ಹಾಕಿ ಮನೆಗೆ ಕಳಿಸಿದ ಆ ನ್ಯಾಯಾಲಯದ ಈ ಕೆಲಸವನ್ನು ನೆನೆದಾಗ ನನಗೆ ನೋವೂ ಆಗುತ್ತದೆ, ಕೃತಜ್ಞತೆಯೂ ಹುಟ್ಟುತ್ತದೆ.

ಹೀಗಾಗಿ ಆ ನ್ಯಾಯಾಲಯದಿಂದ ಪೆಟ್ಟು ತಿಂದವರ ಪಟ್ಟಿ ಉದ್ದವಿತ್ತು. ತೋಟದ ಮಾಲೀಕರಿಗಂತೂ ಬರ್ಡ್ ಮೇಲಿನ ಸಿಟ್ಟು 1975ರಿಂದಲೇ. ‘ವಿಮೆ ದಾವೆಯ ನಿಯಮ ಬದಲಾಯಿಸಬೇಕು, ಆದ್ದರಿಂದ ಬೇಡ ಎಂದು ಮತ ಹಾಕಿ’ ಎಂದರೆ ಯಾರು ಎದ್ದು ಬರುತ್ತಾರೆ? ಕೊಲೆಗಾರರನ್ನು ಉಳಿಸುವ ನ್ಯಾಯಮೂರ್ತಿ ಎಂದರೆ ಊರೇ ಎದ್ದು ಬರುತ್ತದೆ. ಹಣ ಕೊಟ್ಟವರ ಕಾರಣ ಒಂದು, ಜಾಹೀರಾತಿನಲ್ಲಿ ಹೇಳಿದ ಕಾರಣ ಇನ್ನೊಂದು. ಇದೇ ಸೂತ್ರ ಆಮೇಲೆ ರಾಜ್ಯದಿಂದ ರಾಜ್ಯಕ್ಕೆ ಹೋಯಿತು.

ಫಲಿತಾಂಶ ಬಂದಾಗ ಮೂರರಲ್ಲಿ ಎರಡು ಪಾಲು ಮತದಾರರು ಬರ್ಡ್ ಬೇಡ ಎಂದಿದ್ದರು. 1934ರಲ್ಲಿ ಮುಂದುವರಿಕೆ ಮತದ ಪದ್ಧತಿ ಬಂದಾಗಿನಿಂದ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ಯಾರೂ ಹೀಗೆ ಸೋತಿರಲಿಲ್ಲ. ಅದೇ ಅಲೆಯಲ್ಲಿ ಜೋಸೆಫ್ ಗ್ರೋಡಿನ್ ಹೋದರು. ಅವರು ಕೆಲವು ಪ್ರಕರಣಗಳಲ್ಲಿ ಮರಣದಂಡನೆ ಎತ್ತಿಹಿಡಿದವರಾದರೂ ಅದು ಲೆಕ್ಕಕ್ಕೆ ಬರಲಿಲ್ಲ. ಕ್ರೂಸ್ ರೆನೋಸೊ ಕೂಡ ಹೋದರು. ಗಿಡ್ಡ ಗುದ್ದಲಿಯ ವಿರುದ್ಧ ನಿಂತಿದ್ದ ಸಂಸ್ಥೆಯ ಹಿಂದಿನ ಮುಖ್ಯಸ್ಥರು, ಆ ಪೀಠಕ್ಕೇರಿದ ಮೊದಲ ಲ್ಯಾಟಿನೊ. ಬ್ರೌನ್ ನೇಮಿಸಿದ್ದ ಮೂವರೂ ಒಂದೇ ದಿನ. ಆಗ ಗವರ್ನರ್ ಆಗಿದ್ದವರು 1977ರ ಮರಣದಂಡನೆ ಕಾನೂನು ಬರೆದ ಅದೇ ಡುಕ್‌ಮೇಜಿಯನ್. ಮೂರು ಖಾಲಿ ಕುರ್ಚಿ ತುಂಬುವ ಅವಕಾಶ ಅವರಿಗೆ ಬಂತು. ಮಾಲ್ಕಮ್ ಲೂಕಸ್ ಮುಖ್ಯ ನ್ಯಾಯಮೂರ್ತಿಯಾದರು.

ಹೊಸ ಪೀಠ ಏನು ಮಾಡಿತು ಎಂದು ನೋಡಿದರೆ ನನ್ನ ಮಾತಿಗೆ ಸಾಕ್ಷಿ ಸಿಗುತ್ತದೆ. 1987ರಲ್ಲಿ ಕಾರ್ಲೋಸ್ ತೀರ್ಪನ್ನು ಬದಿಗಿಟ್ಟರು. ಆ ಹೊಸ ತೀರ್ಪು ಬರೆದವರು ಹಳೆಯ ಪೀಠದಲ್ಲೇ ಇದ್ದು, 1986ರಲ್ಲಿ ಪಾರಾಗಿದ್ದ ಸ್ಟ್ಯಾನ್ಲಿ ಮಾಸ್ಕ್. ಮರಣದಂಡನೆಗಳು ಸಾಲಾಗಿ ಖಾಯಂ ಆಗತೊಡಗಿದವು. 1988ರಲ್ಲಿ ವಿಮೆ ಕಂಪನಿಗಳ ಮೇಲೆ ದಾವೆ ಹೂಡುವ ಆ ಹಕ್ಕೂ ಹೋಯಿತು. ಅದೇ ವರ್ಷ ಕೆಲಸದಿಂದ ತೆಗೆಯಲ್ಪಟ್ಟವರಿಗೆ ಸಿಗಬಹುದಾದ ಪರಿಹಾರವನ್ನೂ ಕುಗ್ಗಿಸಿದರು. ಮತಪತ್ರದ ಮುಂದೆ ಕೂತಿದ್ದ ಸಾಮಾನ್ಯ ಮತದಾರ ಈ ಕೊನೆಯ ಎರಡಕ್ಕೆ ಮತ ಹಾಕಿರಲಿಲ್ಲ, ಹಾಕಿದ್ದೇನೆಂದು ಅವನಿಗೆ ಗೊತ್ತೂ ಇರಲಿಲ್ಲ.

ಆದರೆ ತೀರ್ಪುಗಳ ಬದಲಾವಣೆಗಿಂತ ನನ್ನನ್ನು ಹೆಚ್ಚು ಕಾಡುವುದು ಅದೇ ಪೀಠದಲ್ಲಿದ್ದ ಆಟೊ ಕಾಸ್ ಎಂಬ ನ್ಯಾಯಮೂರ್ತಿಯ ತಪ್ಪೊಪ್ಪಿಗೆ. 1982ರಲ್ಲಿ ಅಪರಾಧಗಳಿಗೆ ಸಂಬಂಧಿಸಿದ ಒಂದು ಜನಮತದ ಮಸೂದೆಯ ಸಿಂಧುತ್ವ ಅವರ ಮುಂದೆ ಬಂದಿತ್ತು. ಅದೇ ನವೆಂಬರಿನಲ್ಲಿ ಅವರೂ ಮುಂದುವರಿಕೆ ಮತ ಎದುರಿಸಬೇಕಿತ್ತು. ನಾಲ್ಕು–ಮೂರರ ತೀರ್ಪಿನಲ್ಲಿ ಮಸೂದೆ ಉಳಿಯಿತು, ಕಾಸ್ ಬಹುಮತದ ಕಡೆ ಇದ್ದರು. ಬರ್ಡ್ ಮಸೂದೆಯ ವಿರುದ್ಧ ಭಿನ್ನ ತೀರ್ಪು ಬರೆದರು. ನಿವೃತ್ತರಾದ ಮೇಲೆ ಕಾಸ್ ಹೇಳಿದ್ದಿಷ್ಟು: ತನಗೆ ಸರಿ ಕಂಡಂತೆಯೇ ತೀರ್ಮಾನಿಸಿದೆ, ಆದರೆ ಚುನಾವಣೆಯ ಯೋಚನೆ ತನಗರಿವಿಲ್ಲದೆ ಒಳಗೆ ಎಷ್ಟು ಕೆಲಸ ಮಾಡಿತ್ತು ಎಂಬುದು ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ಗಡ್ಡ ಹೆರೆಯಲು ಬಚ್ಚಲಿಗೆ ಹೋದಾಗ ಸ್ನಾನದ ತೊಟ್ಟಿಯಲ್ಲಿ ಮೊಸಳೆ ಮಲಗಿರುತ್ತದೆ, ಅದು ಅಲ್ಲಿದೆ ಎಂದು ಗೊತ್ತಿದ್ದೂ ಯೋಚಿಸದಿರುವುದು ಹೇಗೆ ಎಂದು ಅವರು ಕೇಳಿದ್ದರು.

ಚುನಾವಣೆಯಿಂದ ನ್ಯಾಯಪೀಠಕ್ಕೆ ಆಗುವ ಹಾನಿ ಇದೇ. ಸೋತು ಹೋದ ನ್ಯಾಯಮೂರ್ತಿ ಕಣ್ಣಿಗೆ ಕಾಣುತ್ತಾರೆ. ಉಳಿದುಕೊಂಡವರ ಒಳಗೆ ನಡೆಯುವ ಲೆಕ್ಕಾಚಾರ ಯಾರಿಗೂ ಕಾಣುವುದಿಲ್ಲ, ಕೆಲವೊಮ್ಮೆ ಅವರಿಗೇ ಕಾಣುವುದಿಲ್ಲ. ಕೆಳಹಂತದ ನ್ಯಾಯಾಧೀಶರ ಚುನಾವಣೆ ಹತ್ತಿರ ಬಂದಂತೆ ಶಿಕ್ಷೆಯ ಅವಧಿ ಉದ್ದವಾಗುತ್ತ ಹೋದದ್ದನ್ನು ಪೆನ್ಸಿಲ್ವೇನಿಯಾದ ಪ್ರಕರಣಗಳನ್ನು ತೆರೆದು ನೋಡಿದ ಸಂಶೋಧಕರು ತೋರಿಸಿದ್ದಾರೆ. 2009ರಲ್ಲಿ ಅಯೋವಾದಲ್ಲಿ ಸಲಿಂಗ ವಿವಾಹಕ್ಕೆ ಅವಕಾಶ ಕೊಟ್ಟ ಏಳು ನ್ಯಾಯಮೂರ್ತಿಗಳ ಸರ್ವಾನುಮತದ ತೀರ್ಪಿಗೆ ಬೆಲೆ ತೆತ್ತವರು 2010ರ ಮತಪತ್ರದಲ್ಲಿದ್ದ ಮೂವರು. ಉಳಿದ ನಾಲ್ವರದ್ದು ಅದೇ ತೀರ್ಪು, ಅದೇ ಸಹಿ. ಅವರ ಸರದಿ ಆ ವರ್ಷ ಬಂದಿರಲಿಲ್ಲ ಅಷ್ಟೆ.

ಹಾಗಂತ ನ್ಯಾಯಮೂರ್ತಿಗಳು ಯಾರಿಗೂ ಉತ್ತರ ಕೊಡಬೇಕಿಲ್ಲ ಎಂದು ನಾನು ಹೇಳುತ್ತಿಲ್ಲ. ಮುಚ್ಚಿದ ಕೋಣೆಯ ನೇಮಕಾತಿಗೂ ಅದರದೇ ಆದ ರೋಗಗಳಿವೆ, ನಮ್ಮಲ್ಲಿ ಅದರ ಚರ್ಚೆ ದಿನವೂ ಇದೆ. ಕ್ಯಾಲಿಫೋರ್ನಿಯಾದವರು 1986ರಲ್ಲಿ ಸಂವಿಧಾನ ತಮಗೆ ಕೊಟ್ಟ ಹಕ್ಕನ್ನೇ ಬಳಸಿದರು, ಅದರಲ್ಲಿ ಅಕ್ರಮ ಏನೂ ಇರಲಿಲ್ಲ. ಕೊರತೆ ಇದ್ದದ್ದು ಪ್ರಶ್ನೆಯಲ್ಲಿ. ಹತ್ತು ವರ್ಷಗಳ, ನೂರಾರು ತೀರ್ಪುಗಳ ಕೆಲಸವನ್ನು ಎರಡು ಚೌಕದಲ್ಲಿ ತುಂಬಿಸಿ, ಅದರ ಅರ್ಥ ಹೇಳುವ ಕೆಲಸವನ್ನು 30 ಸೆಕೆಂಡಿನ ಜಾಹೀರಾತಿಗೆ ಬಿಟ್ಟರೆ, ಯಾರ ಬಳಿ ಹೆಚ್ಚು ಸೆಕೆಂಡು ಕೊಳ್ಳುವ ದುಡ್ಡಿದೆಯೋ ಅವರೇ ಅರ್ಥ ಹೇಳುತ್ತಾರೆ. ವಿಸ್ಕಾನ್ಸಿನ್‌ನಲ್ಲಿ ಹಣ ಸೋತಿತಲ್ಲ ಎಂದು ಸಮಾಧಾನ ಪಡುವವರು ಗೆದ್ದ ಕಡೆಯೂ ಕೋಟಿ ಕೋಟಿ ಸುರಿದಿತ್ತು ಎಂಬುದನ್ನು ಮರೆಯಬಾರದು.

ಬರ್ಡ್ ಸೋತ ಆರು ವರ್ಷಕ್ಕೆ, 1992ರ ಏಪ್ರಿಲ್ 21ರಂದು, ಸ್ಯಾನ್ ಕ್ವೆಂಟಿನ್ ಜೈಲಿನ ವಿಷಾನಿಲದ ಕೋಣೆಯಲ್ಲಿ ರಾಬರ್ಟ್ ಆಲ್ಟನ್ ಹ್ಯಾರಿಸ್ ಎಂಬಾತನನ್ನು ಕೊಲ್ಲಲಾಯಿತು. ಕ್ಯಾಲಿಫೋರ್ನಿಯಾದಲ್ಲಿ ಕಾಲು ಶತಮಾನದಲ್ಲಿ ಅದೇ ಮೊದಲ ಮರಣದಂಡನೆ. ಅವನ ಶಿಕ್ಷೆಯನ್ನು ಎತ್ತಿಹಿಡಿದದ್ದು ಲೂಕಸ್ ನ್ಯಾಯಾಲಯವಲ್ಲ, 1981ರಲ್ಲಿ ಬರ್ಡ್ ಅಧ್ಯಕ್ಷತೆಯ ನ್ಯಾಯಾಲಯವೇ, ಬರ್ಡ್ ಭಿನ್ನಮತದ ನಡುವೆ. ಅಲ್ಲಿಂದ 2006ರವರೆಗೆ ಒಟ್ಟು 13 ಜನರ ಶಿಕ್ಷೆ ಜಾರಿಯಾಯಿತು. ಆಮೇಲೆ ಒಂದೂ ಇಲ್ಲ. 2019ರಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ತಡೆ ಹಾಕಿದರು. ಯಾವ ಕಾರಣಕ್ಕೆ ಮೂವರು ನ್ಯಾಯಮೂರ್ತಿಗಳನ್ನು ತೆಗೆದರೋ ಆ ಶಿಕ್ಷೆಯನ್ನು ರಾಜ್ಯ ಇವತ್ತು ಜಾರಿ ಮಾಡುತ್ತಿಲ್ಲ.

ಪೀಠ ಬಿಟ್ಟ ಮೇಲೆ ಬರ್ಡ್ ಅವರಿಗೆ ದೊಡ್ಡ ಹುದ್ದೆ ಯಾವುದೂ ಬರಲಿಲ್ಲ. ಪಾಲೋ ಆಲ್ಟೊದ ಮನೆಯಲ್ಲಿ ತಾಯಿಯನ್ನು ಕೊನೆಯವರೆಗೂ ನೋಡಿಕೊಂಡರು. ಸ್ವಲ್ಪ ಕಾಲ ಟೀವಿಯಲ್ಲಿ ವ್ಯಾಖ್ಯಾನ, ಸ್ವಲ್ಪ ಕಾಲ ಸಿಡ್ನಿಯಲ್ಲಿ ಪಾಠ. ವಕೀಲಿ ಸನ್ನದನ್ನು ಮುಂದುವರಿಸದೆ ಬಿಟ್ಟಿದ್ದರು. ಕ್ಯಾನ್ಸರ್ ಮರಳಿ ಬಂದು 1999ರ ಡಿಸೆಂಬರ್ 4ರಂದು ತೀರಿಕೊಂಡಾಗ 63 ವರ್ಷ. ಅದಕ್ಕೂ ಕೆಲವು ವರ್ಷ ಮುಂಚೆ, ಹೆದ್ದಾರಿಯ ಆಚೆಗಿನ ಬಡವರ ಊರಾದ ಈಸ್ಟ್ ಪಾಲೋ ಆಲ್ಟೊದಲ್ಲಿ ಉಚಿತ ಕಾನೂನು ನೆರವು ಕೊಡುವ ಕಚೇರಿಗೆ ಹೋಗಿ, ಏನಾದರೂ ಕೆಲಸ ಇದ್ದರೆ ಮಾಡುತ್ತೇನೆ ಎಂದರು. ಅಲ್ಲಿನವರು ಕಾಗದಗಳ ಕಟ್ಟು ಕೊಟ್ಟು ಜೆರಾಕ್ಸ್ ಮಾಡಲು ಹಚ್ಚಿದರು. ಯಂತ್ರದ ಮುಂದೆ ನಿಂತು ಹಾಳೆ ತಿರುಗಿಸುತ್ತಿದ್ದ ಆ ಹೆಂಗಸು ಯಾರೆಂದು ಮೊದಮೊದಲು ಅಲ್ಲಿ ಯಾರಿಗೂ ತಿಳಿಯಲಿಲ್ಲ.